ಗಾಂಧೀಜಿಯ ಕೈಗೆ ಅಣುಬಾಂಬು ಬಂದ ಕಥೆ

ಒಂದು ಆಟವನ್ನು ಬಹಳವಾಗಿ ಮೆಚ್ಚುವವರೇ ಅದರ ವಿಷಯದಲ್ಲಿ ಹೆಚ್ಚು ತಪ್ಪು ತಿಳಿದಿರುವುದುಂಟು. ಅವರಿಗೆ ಆಟ ತಿಳಿಯದೆಂದಲ್ಲ. ಆಡಿ ಆಡಿ ಅದರ ಮೂಲೆಮೂಲೆಯೂ ಪರಿಚಯವಾಗಿರುತ್ತದೆ. ಆದರೆ ಯಂತ್ರದೊಳಗೆ ನಡೆಯುವ ಲೆಕ್ಕ ಯಾರ ಕಣ್ಣಿಗೂ ಬೀಳುವುದಿಲ್ಲ. ಕಣ್ಣಿಗೆ ಬೀಳದ ಕಡೆ ಕಥೆ ಹುಟ್ಟುವುದು ಸಹಜ. ‘ಸಿವಿಲೈಜೇಷನ್’ ಎಂಬ ಕಂಪ್ಯೂಟರ್ ಆಟದ ಸುತ್ತ ಹೀಗೆ ಹುಟ್ಟಿದ ಕಥೆಗಳಲ್ಲಿ ಎರಡನ್ನು ಇಲ್ಲಿ ಪರೀಕ್ಷಿಸೋಣ. ಮೊದಲನೆಯದು ಗಾಂಧೀಜಿಯವರ ಹೆಸರನ್ನೇ ಹೊತ್ತಿರುವುದರಿಂದ ನಮಗೆ ತೀರ ಹತ್ತಿರದ್ದು.

ಈ ಆಟವನ್ನು ಆಡದವರಿಗಾಗಿ ಎರಡು ಮಾತು. ಸಿಡ್ ಮೈಯರ್ ಮತ್ತು ಬ್ರೂಸ್ ಶೆಲ್ಲಿ ಎಂಬವರು ರಚಿಸಿದ ಮೊದಲನೆಯ ಆಟವನ್ನು ಅಮೆರಿಕದ ಮೈಕ್ರೋಪ್ರೋಸ್ ಕಂಪನಿ 1991ರಲ್ಲಿ ಹೊರತಂದಿತು. ಏಳನೆಯದು ಬಂದದ್ದು 2025ರಲ್ಲಿ. ಕ್ರಿಸ್ತಪೂರ್ವ 4000ದಲ್ಲಿ ನೀವು ಒಂದು ಪುಟ್ಟ ಜನಾಂಗದ ನಾಯಕರಾಗಿ ಆಟಕ್ಕೆ ಇಳಿಯುತ್ತೀರಿ. ಊರು ಕಟ್ಟುತ್ತೀರಿ, ಚಕ್ರವನ್ನೂ ಅಕ್ಷರವನ್ನೂ ಕಂಡುಹಿಡಿಯುತ್ತೀರಿ, ಕಾಲ ಕೂಡಿಬಂದರೆ ನಕ್ಷತ್ರಕ್ಕೇ ನೌಕೆ ಕಳುಹಿಸುತ್ತೀರಿ. ನೆರೆಯ ರಾಜ್ಯಗಳನ್ನು ಕಂಪ್ಯೂಟರೇ ಆಳುತ್ತದೆ. ಒಂದೊಂದು ರಾಜ್ಯಕ್ಕೂ ಚರಿತ್ರೆಯಲ್ಲಿ ಹೆಸರಾದ ಒಬ್ಬ ನಾಯಕ. ಮೊದಲ ಆಟದಲ್ಲಿ ಭಾರತದ ನಾಯಕ ಗಾಂಧೀಜಿ.

ಇನ್ನು ಕಥೆ. ಪ್ರತಿ ನಾಯಕನಿಗೂ ಎಷ್ಟರಮಟ್ಟಿಗೆ ಜಗಳಗಂಟನೆಂಬುದನ್ನು ಸೂಚಿಸುವ ಒಂದು ಅಂಕ ಕೊಟ್ಟಿದ್ದರಂತೆ. ಅಹಿಂಸೆಯ ಮೂರ್ತಿಯಾದ ಗಾಂಧೀಜಿಗೆ ಎಲ್ಲಕ್ಕಿಂತ ಕಡಮೆಯಾದ 1. ಯಾವ ರಾಜ್ಯ ಪ್ರಜಾಪ್ರಭುತ್ವವನ್ನು ಒಪ್ಪಿಕೊಂಡರೂ ಅದರ ನಾಯಕನ ಅಂಕದಲ್ಲಿ 2 ಕಳೆಯಬೇಕು. ಗಾಂಧೀಜಿಯ 1ರಲ್ಲಿ 2 ಕಳೆದಾಗ ಯಂತ್ರ ತಬ್ಬಿಬ್ಬಾಗಿ 255 ಎಂದು ಬರೆದುಕೊಂಡಿತಂತೆ. ಅಲ್ಲಿಯವರೆಗೆ ನೂಲುತ್ತ ಕುಳಿತಿದ್ದ ಮಹಾತ್ಮರು ಆ ಗಳಿಗೆಯಿಂದ ನೆರೆಯವರ ಮೇಲೆ ಅಣುಬಾಂಬು ಎಸೆಯತೊಡಗಿದರಂತೆ!

ಕಥೆ ಸೊಗಸಾಗಿದೆ, ಅದರ ಲೆಕ್ಕವೂ ಪೂರ್ತಿ ಹುಸಿಯಲ್ಲ. ಕಂಪ್ಯೂಟರು ಸಂಖ್ಯೆಗಳನ್ನು ಸೊನ್ನೆ ಮತ್ತು ಒಂದು ಎಂಬ ಎರಡೇ ಗುರುತುಗಳಲ್ಲಿ ಬರೆದಿಡುತ್ತದೆ. ಇಂಥ ಎಂಟು ಗುರುತುಗಳು ಸೇರಿದರೆ ಒಂದು ಬೈಟ್. ಎಂಟು ಮನೆಗಳಲ್ಲಿ ಸೊನ್ನೆ ಒಂದುಗಳನ್ನು 256 ಬಗೆಯಾಗಿ ತುಂಬಬಹುದು. ಆದುದರಿಂದ ಒಂದು ಬೈಟಿನಲ್ಲಿ 0ಯಿಂದ 255ರವರೆಗೆ ಎಣಿಸಬಹುದು. ಮೋಟಾರು ಗಾಡಿಯ ಮೈಲಿ ಎಣಿಸುವ ಹಳೆಯ ಅಂಕಿಚಕ್ರವನ್ನು ನೆನಪಿಗೆ ತಂದುಕೊಳ್ಳಿ. ಎಲ್ಲ ಸೊನ್ನೆಯಾಗಿರುವಾಗ ಅದನ್ನು ಒಂದು ಹೆಜ್ಜೆ ಹಿಂದಕ್ಕೆ ತಿರುಗಿಸಿದರೆ ಎಲ್ಲ ಒಂಬತ್ತಾಗುತ್ತದೆ. ಬೈಟಿನ ಪಾಡೂ ಅದೇ: ಸೊನ್ನೆಯ ಹಿಂದೆ ಇರುವುದು 255. ಇಂಥ ಅವಾಂತರ ನಿಜವಾಗಿಯೂ ನಡೆದಿದೆ. 1980ರ ‘ಪ್ಯಾಕ್‌ಮನ್’ ಆಟದಲ್ಲಿ 256ನೆಯ ಘಟ್ಟವನ್ನು ಮುಟ್ಟಿದವರಿಗೆ ತೆರೆಯ ಬಲ ಅರ್ಧವೆಲ್ಲ ಅರ್ಥವಿಲ್ಲದ ಅಕ್ಷರಗಳಿಂದ ತುಂಬಿಹೋಗುವುದಕ್ಕೆ ಇದೇ ಕಾರಣ.

ಹಾಗಾದರೆ ಗಾಂಧೀಜಿಯ ಕಥೆಯೂ ನಿಜವಿರಬಹುದಲ್ಲ ಎನ್ನುವಿರಾ? ಅಲ್ಲ. 2020ರಲ್ಲಿ ಪ್ರಕಟವಾದ ತಮ್ಮ ಸ್ಮೃತಿಗ್ರಂಥದಲ್ಲಿ ಸಿಡ್ ಮೈಯರ್ ಅವರೇ ಇದನ್ನು ಅಲ್ಲಗಳೆದಿದ್ದಾರೆ. ಆ ಆಟವನ್ನು ಬರೆದ ಸಿ ಭಾಷೆಯಲ್ಲಿ, ಬೇರೆ ವಿಧಿಸದಿದ್ದರೆ, ಪೂರ್ಣಾಂಕಗಳಿಗೆ ಸೊನ್ನೆಗಿಂತ ಕೆಳಗೂ ಎಡೆಯುಂಟು. 1ರಲ್ಲಿ 2 ಕಳೆದರೆ ನಾವು ಶಾಲೆಯಲ್ಲಿ ಕಲಿತಂತೆ ಋಣ 1 ಬರುತ್ತದೆ, 255 ಅಲ್ಲ. ಎರಡನೆಯ ಆಟದ ಮುಖ್ಯ ವಿನ್ಯಾಸಕ ಬ್ರಯನ್ ರೆನಾಲ್ಡ್ಸ್ ಹೇಳಿದ ಸಂಗತಿ ಇನ್ನೂ ಸ್ಪಷ್ಟವಾಗಿದೆ. ಮೊದಲ ಆಟದಲ್ಲಿ ಜಗಳಗಂಟತನಕ್ಕೆ ಇದ್ದುದೇ ಮೂರು ಮಟ್ಟ. ಎಲ್ಲಕ್ಕಿಂತ ಕೆಳಗಿನ ಮಟ್ಟದಲ್ಲಿ ಗಾಂಧೀಜಿಯೊಬ್ಬರೇ ಇರಲಿಲ್ಲ, ನಾಯಕರಲ್ಲಿ ಮೂರನೆಯ ಒಂದು ಪಾಲು ಅಲ್ಲಿಯೇ ಇದ್ದರು. ಅಂಕ ತಪ್ಪಿ 255 ಆಗಿದ್ದಿದ್ದರೂ ಆ ನಾಯಕ 3 ಅಂಕದವನಂತೆ ನಡೆಯುತ್ತಿದ್ದನೇ ಹೊರತು ಅದಕ್ಕಿಂತ ಕ್ರೂರಿಯಾಗಲು ದಾರಿಯೇ ಇರಲಿಲ್ಲ.

ಮೊದಲ ಆಟದಲ್ಲಿ ಗಾಂಧೀಜಿ ಬಾಂಬಿನ ಮಾತನ್ನೇ ಆಡುತ್ತಿರಲಿಲ್ಲವೆಂದು ಇದರ ಅರ್ಥವಲ್ಲ. ಬಾಂಬು ಕೈಗೆ ಬಂದ ಮೇಲೆ ಎಲ್ಲ ನಾಯಕರೂ ಒಂದೇ ವಾಕ್ಯದಲ್ಲಿ ಬೆದರಿಸುತ್ತಿದ್ದರು. ಅದೇ ಮಾತು ಚಂಗೀಸ್ ಖಾನನ ಬಾಯಲ್ಲಿ ಬಂದರೆ ಯಾರಿಗೂ ಆಶ್ಚರ್ಯವಿಲ್ಲ. ಗಾಂಧೀಜಿಯ ಬಾಯಲ್ಲಿ ಬಂದರೆ ಮರೆಯುವುದಿಲ್ಲ. ಮುಂದೆ 2010ರ ಐದನೆಯ ಆಟದಲ್ಲಿ ವಿನ್ಯಾಸಕ ಜಾನ್ ಶೇಫರ್ ತಮಾಷೆಗೆಂದೇ ಗಾಂಧೀಜಿಗೆ ಅಣ್ವಸ್ತ್ರದ ಒಲವನ್ನು ಎಲ್ಲರಿಗಿಂತ ಮಿಗಿಲಾಗಿ, 10ರ ಅಳತೆಯಲ್ಲಿ 12 ಎಂದು ಇಟ್ಟರು. 255ರ ಕಥೆ ಕಾಣಿಸಿಕೊಂಡದ್ದು 2012ರಲ್ಲಿ, ಎಂದರೆ ಮೊದಲ ಆಟ ಬಂದು 21 ವರ್ಷವಾದ ಮೇಲೆ. ಐದನೆಯ ಆಟದಲ್ಲಿ ಕಂಡದ್ದಕ್ಕೆ ಮೊದಲನೆಯ ಆಟದಲ್ಲಿ ಕಾರಣವನ್ನು ಹುಡುಕಿದರು, ಹುಡುಕಿದವರಿಗೆ ಸಿಕ್ಕಿತು. ‘ಹೌದು, ಚಿಕ್ಕಂದಿನಲ್ಲಿ ನಾವೂ ಹಾಗೆ ಕಂಡಿದ್ದೆವು’ ಎಂದು ಎಷ್ಟೋ ಮಂದಿ ನಂಬಿದರು.

ಎರಡನೆಯ ಕಥೆ ಇನ್ನೂ ವ್ಯಾಪಕವಾದದ್ದು: ಕಂಪ್ಯೂಟರು ಕಾಳಗದಲ್ಲಿ ಮೋಸಮಾಡುತ್ತದೆ ಎಂಬುದು. ಗೆಲ್ಲುವ ಸಂಭವ ಮೂರಕ್ಕೆ ಒಂದರಂತೆ ನಿಮ್ಮ ಕಡೆಗಿದೆ, ಆದರೂ ಸೋಲುತ್ತೀರಿ. ಮತ್ತೆ ಹೋರಾಡಿ ಮತ್ತೆ ಸೋಲುತ್ತೀರಿ. ಇದು ಮೋಸವಲ್ಲದೆ ಇನ್ನೇನು ಎನ್ನಿಸುತ್ತದೆ. ಲೆಕ್ಕ ಹಾಕಿ ನೋಡಿ. ಮೂರಕ್ಕೆ ಒಂದೆಂದರೆ ನಾಲ್ಕು ಕಾಳಗಗಳಲ್ಲಿ ಒಂದನ್ನು ಸೋಲಲೇಬೇಕು ಎಂಬ ಸರಾಸರಿ. ಎರಡು ಸಲ ಒಟ್ಟೊಟ್ಟಿಗೆ ಸೋಲುವ ಸಂಭವ 16ರಲ್ಲಿ 1. ದೊಡ್ಡದೊಂದು ಆಟದಲ್ಲಿ ಇಂಥ ಜೋಡಿ ಕಾಳಗ 160 ನಡೆದರೆ ಸುಮಾರು 10 ಸಲ ಹಾಗಾಗುವುದು ನ್ಯಾಯವೇ ಸರಿ. ಆಗದಿದ್ದರೇ ಸಂಶಯಪಡಬೇಕು.

2010ರಲ್ಲಿ ಆಟಗಳ ವಿನ್ಯಾಸಕರ ಸಮ್ಮೇಳನವೊಂದರಲ್ಲಿ ಮಾತನಾಡುತ್ತ ಮೈಯರ್ ಈ ದೂರನ್ನು ಪ್ರಸ್ತಾಪಿಸಿದರು. ಒಂದಕ್ಕೆ ಮೂರರ ಪ್ರತಿಕೂಲದಲ್ಲಿ ತಾವು ಗೆದ್ದರೆ ಆಟಗಾರರು ಅದನ್ನು ಸಹಜವೆಂದೇ ಸ್ವೀಕರಿಸುತ್ತಾರೆ. ಅನುಕೂಲದಲ್ಲಿ ಸೋತರೆ ಮಾತ್ರ ಸಹಿಸರು. ಕೊನೆಗೆ ‘ಸಿವಿಲೈಜೇಷನ್ ರೆವಲ್ಯೂಷನ್’ ಎಂಬ ಆಟದಲ್ಲಿ ಲೆಕ್ಕವನ್ನು ಆಟಗಾರರ ಕಡೆಗೇ ವಾಲಿಸಿದರಂತೆ. ತಮಾಷೆಯನ್ನು ಗಮನಿಸಿದಿರಾ? ಯಂತ್ರ ಪ್ರಾಮಾಣಿಕವಾಗಿದ್ದಾಗ ಮೋಸವೆಂದರು. ಅವರ ಪರವಾಗಿ ಲೆಕ್ಕ ತಿದ್ದಿದಾಗ ನ್ಯಾಯವೆಂದರು.

ಆಟದ ವಿಷಯಕ್ಕೆ ಇಷ್ಟೊಂದು ವಿಚಾರಣೆ ಏಕೆಂದು ನೀವು ಕೇಳಬಹುದು. ಗಾಂಧೀಜಿಯ ಹೆಸರನ್ನು ಈ ಆಟದಿಂದಲೇ ಮೊದಲು ಅರಿತ ಮಕ್ಕಳು ಹೊರನಾಡುಗಳಲ್ಲಿ ಇಲ್ಲದಿಲ್ಲ. ಅವರಿಗೆ ಆ ಹೆಸರಿನ ಜೊತೆಗೇ ಬಾಂಬೂ ನೆನಪಿಗೆ ಬರುವುದಾದರೆ ಅದು ಸಣ್ಣ ಮಾತಲ್ಲ. ಅದಕ್ಕಿಂತ ಮುಖ್ಯವಾದ ಇನ್ನೊಂದು ಮಾತುಂಟು. ಬರಿಯ ಗಾಳಿಸುದ್ದಿಯನ್ನು ನಾವು ಸಂಶಯದಿಂದ ಕೇಳುತ್ತೇವೆ. ಅದಕ್ಕೊಂದು ಅಂಕಿಯನ್ನು ಅಂಟಿಸಿದೊಡನೆ ಶಾಸ್ತ್ರವೆಂದು ತಲೆಬಾಗುತ್ತೇವೆ. ಬೈಟಿನ ಗಣಿತ ಸರಿಯಾಗಿತ್ತು. ಆ ಗಣಿತ ಆ ಆಟದಲ್ಲಿ ನಡೆಯಿತೆ ಎಂಬ ಪ್ರಶ್ನೆಯನ್ನು ಮಾತ್ರ ಬಹಳ ವರ್ಷ ಬಹಳ ಮಂದಿ ಕೇಳಲಿಲ್ಲ. ನಿಮ್ಮ ಮನೆಯ ಹುಡುಗರು ಇಂಥದೊಂದು ಕಥೆಯನ್ನು ಹೊತ್ತು ತಂದರೆ ಗದರಿಸಬೇಡಿ. ಕಾಗದ ಪೆನ್ಸಿಲು ಕೊಟ್ಟು, ‘ಎಲ್ಲಿ, ಲೆಕ್ಕ ಮಾಡಿ ತೋರಿಸು, ಇದು ಹೀಗೆಯೇ ನಡೆಯಿತೆಂದು ಕಂಡವರು ಯಾರು, ಅದನ್ನೂ ಹೇಳು’ ಎಂದು ಕೇಳಿ. ಆಟಕ್ಕಿಂತ ಆ ಹುಡುಕಾಟವೇ ಅವರಿಗೆ ಹೆಚ್ಚು ರುಚಿಸೀತು.