ಪೇಟ ಇಳಿದ ಮೇಲೆ

ನವೆಂಬರ್ ಬಂತೆಂದರೆ ಪೀಣ್ಯದ ಕಾರ್ಖಾನೆಗಳಲ್ಲೂ ಎಲೆಕ್ಟ್ರಾನಿಕ್ ಸಿಟಿಯ ಕಚೇರಿಗಳಲ್ಲೂ ರಾಜ್ಯೋತ್ಸವ. ಸನ್ಮಾನಿತರಿಗೆ ಶಾಲು, ಹಾರ, ಜರಿಯಂಚಿನ ಮೈಸೂರು ಪೇಟ. ಅರಸರ ತಲೆಯ ಮೇಲಿದ್ದದ್ದು ಈಗ ಅಂಗಡಿಯಲ್ಲಿ ರೆಡಿಮೇಡ್ ಸಿಗುತ್ತದೆ, ಯಾರ ತಲೆಗಾದರೂ ಸುಮಾರಾಗಿ ಕೂರುತ್ತದೆ. ತೊಟ್ಟವರ ಬೆಲೆ ಅದರಿಂದ ಹೆಚ್ಚಿತೇ? ಮೇಲುಕೋಟೆಯನ್ನೇ ನೋಡಿ. ಚೆಲುವನಾರಾಯಣನ ವೈರಮುಡಿ ಕಿರೀಟ ಇರುವುದು ಮಂಡ್ಯದ ಖಜಾನೆಯಲ್ಲಿ. ಪೊಲೀಸ್ ಕಾವಲಿನಲ್ಲಿ ಬಂದು, ಬ್ರಹ್ಮೋತ್ಸವದ ಒಂದು ರಾತ್ರಿ ಉತ್ಸವಮೂರ್ತಿಯ ಮುಡಿಗೇರಿ, ಮತ್ತೆ ಖಜಾನೆ ಸೇರುತ್ತದೆ. ಉಳಿದ ದಿನ ದೇವರ ಮಹಿಮೆ ಕಮ್ಮಿ ಎಂದು ಯಾವ ಭಕ್ತರೂ ಹೇಳುವುದಿಲ್ಲ. ಅಲ್ಲಿನ ರಾಜಮುಡಿಗೆ ರಾಜ ಒಡೆಯರ ಹೆಸರು, ಕೃಷ್ಣರಾಜಮುಡಿಗೆ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರು. ಕಿರೀಟ ಹೆಚ್ಚಾಗಿ ಹೇಳುವುದು ಕೊಟ್ಟವರ ಕಥೆಯನ್ನೇ.

ದೇವರ ಮಾತು ಬೇರೆ, ಮನುಷ್ಯನಿಗೆ ಮನ್ನಣೆ ಬೇಡವೇ ಎಂದು ಕೇಳಬಹುದು. ಬೇಕು, ಖಂಡಿತ. ವರ್ಷಗಟ್ಟಲೆ ಲೇತ್ ಮುಂದೆ ನಿಂತವರನ್ನು ಹೆಸರು ಹಿಡಿದು ವೇದಿಕೆಗೆ ಕರೆಯುವುದು ಸಣ್ಣ ಮಾತಲ್ಲ; ಆ ಫೋಟೊ ಮನೆಯ ಗೋಡೆಯ ಮೇಲೆ ಕೂರುತ್ತದೆ. ಆದರೆ ಪೇಟ ಮುಂದಿನ ವರ್ಷ ಇನ್ನೊಬ್ಬರ ಪಾಲು. ಮೈಕ್ರಾನ್ ಲೆಕ್ಕದಲ್ಲಿ ಉಕ್ಕು ಕಡೆಯುವ ಕೈಚಳಕ ಸೋಮವಾರದ ಪಾಳಿಗೂ ಅವರದೇ. ಸನ್ಮಾನ ಮಾಡುವ ಕಂಪನಿಗಳು ಅದನ್ನು ಸಂಬಳದ ಚೀಟಿಯಲ್ಲೂ ಗುರುತಿಸಿದರೆ, ಪೇಟದ ಬಗ್ಗೆ ನಮ್ಮ ತಕರಾರೇನೂ ಇಲ್ಲ.