ಸಿಕ್ಸರ್ ತಿಂದ ಹುಡುಗನಿಗೆ ಇನ್ನೊಂದು ಓವರ್ ಕೊಡೋರು ಯಾರು?

ಭಾನುವಾರ ಬೆಳಿಗ್ಗೆ ಮೈಸೂರಿನ ಯಾವ ಬಯಲಿಗಾದರೂ ಹೋಗಿ ನಿಂತು ನೋಡಿ. ಕಾಲೇಜು ಮೈದಾನವಾಗಲಿ, ಬಡಾವಣೆಯ ಅಂಚಿನ ಖಾಲಿ ಜಾಗವಾಗಲಿ, ಒಂದೇ ಕಡೆ ನಾಲ್ಕೈದು ಮ್ಯಾಚುಗಳು ನಡೆಯುತ್ತಿರುತ್ತವೆ. ಒಬ್ಬರ ಸ್ಲಿಪ್ಪು ಇನ್ನೊಬ್ಬರ ಲಾಂಗ್ ಆನ್. ಇಪ್ಪತ್ತು ಹೆಜ್ಜೆ ದಡದಡ ಓಡಿ ಬಂದು ಚೆಂಡು ಬಿಡುವ ಹುಡುಗರು ಬೇಕಾದಷ್ಟು. ನಾಲ್ಕು ಹೆಜ್ಜೆ ಇಟ್ಟು, ಬೆರಳಲ್ಲಿ ತಿರುವಿ, ಗಾಳಿಯಲ್ಲಿ ತೇಲಿಬಿಡುವವನನ್ನು ಹುಡುಕಬೇಕು. ಹುಡುಕಿದರೂ ಅವನು ಸಿಗುವುದು ಬೌಂಡರಿ ಗೆರೆಯ ಹತ್ತಿರ, ಮೋರಿಗೆ ಬಿದ್ದ ಚೆಂಡು ತೆಗೆಯುತ್ತಾ.

ಅವನ ಸರದಿ ಬರುವುದು ಹೇಗೆ ಎಂಬುದೂ ಸ್ವಾರಸ್ಯವಾಗಿದೆ. ಜೋರು ಬೌಲಿಂಗಿನವರು ಸುಸ್ತಾದಾಗ ಕ್ಯಾಪ್ಟನ್ ಸುತ್ತ ಕಣ್ಣು ಹಾಯಿಸುತ್ತಾನೆ. "ಏ, ಬಾರೋ ಇಲ್ಲಿ. ಸ್ಪಿನ್ ಹಾಕ್ತೀಯಂತಲ್ಲ, ಒಂದೋವರ್ ಹಾಕು. ಹೊಡೆಸ್ಕೋಬೇಡ ಮತ್ತೆ!" ಈ ಕೊನೆಯ ಮಾತಿಗೇ ಹುಡುಗನ ಕೈ ಗಟ್ಟಿಯಾಗುತ್ತದೆ. ವಾರವಿಡೀ ಮನೆಯ ಗೋಡೆಗೆ ಎಸೆದು ಕಲಿತದ್ದೆಲ್ಲ ಮರೆತು ಬೇಗ ಬೇಗ ಚಪ್ಪಟೆಯಾಗಿ ತಳ್ಳುತ್ತಾನೆ. ಮೂರನೇ ಚೆಂಡು ಗಿಡ್ಡಕ್ಕೆ ಬೀಳುತ್ತದೆ. ಬ್ಯಾಟ್ಸ್‌ಮನ್ ಹಿಂದೆ ಸರಿದು ಬೀಸುತ್ತಾನೆ, ಚೆಂಡು ಯಾರದೋ ಕಾಂಪೌಂಡಿನೊಳಗೆ. ಅಲ್ಲಿ ನಾಯಿ ಬೇರೆ ಇದೆ.

"ಅಣ್ಣಾ, ಇನ್ನೊಂದೋವರ್ ಕೊಡಣ್ಣಾ."

"ಸಾಕು ಬಿಡೋ, ಮುಂದಿನ ವಾರ ನೋಡೋಣ."

ಆ ಮುಂದಿನ ವಾರ ಬರುವುದಿಲ್ಲ. ಒಂದೆರಡು ತಿಂಗಳಲ್ಲಿ ಹುಡುಗನೂ ಓಡಿ ಬಂದು ಎಸೆಯಲು ಶುರು ಮಾಡಿರುತ್ತಾನೆ. ಹೀಗೆ ವರ್ಷಕ್ಕೆ ಎಷ್ಟು ಸ್ಪಿನ್ನರುಗಳನ್ನು ಈ ಊರು ಮೊಳಕೆಯಲ್ಲೇ ಚಿವುಟುತ್ತಿದೆಯೋ, ಲೆಕ್ಕ ಇಟ್ಟವರಿಲ್ಲ.

ಇದು ಭಾಗವತ್ ಚಂದ್ರಶೇಖರ್ ಹುಟ್ಟಿದ ಊರು ಸ್ವಾಮಿ! 1945ರಲ್ಲಿ ಇಲ್ಲಿ ಹುಟ್ಟಿ, ಎಳವೆಯಲ್ಲೇ ಪೋಲಿಯೋ ತಗುಲಿ ಬಲಗೈ ಸೊರಗಿದರೂ ಅದೇ ಕೈಯಿಂದ 58 ಟೆಸ್ಟುಗಳಲ್ಲಿ 242 ವಿಕೆಟ್ ಕಿತ್ತ ಮಹಾನುಭಾವ. ಫೀಲ್ಡಿಂಗಿನಲ್ಲಿ ಚೆಂಡು ಎಸೆಯುತ್ತಿದ್ದುದು ಎಡಗೈಯಿಂದ. ಬ್ಯಾಟಿಂಗ್ ವಿಷಯ ಎತ್ತದಿರುವುದೇ ಒಳ್ಳೆಯದು. ಟೆಸ್ಟುಗಳಲ್ಲಿ ಅವರು ಹೊಡೆದ ಒಟ್ಟು ರನ್ 167, ಪಡೆದ ವಿಕೆಟ್ಟಿಗಿಂತ ಕಡಿಮೆ.

ಎರಪಳ್ಳಿ ಪ್ರಸನ್ನ ಹುಟ್ಟಿದ್ದು ಬೆಂಗಳೂರಿನಲ್ಲಾದರೂ ಮೈಸೂರಿನ ಋಣ ಅವರಿಗೂ ಉಂಟು. 1962ರ ಜನವರಿಯಲ್ಲಿ ಮದರಾಸಿನಲ್ಲಿ ಮೊದಲ ಟೆಸ್ಟ್ ಆಡಿ, ಅದೇ ವರ್ಷ ವೆಸ್ಟ್ ಇಂಡೀಸಿಗೂ ಹೋಗಿಬಂದವರು, ಆಮೇಲೆ ಎಂಜಿನಿಯರಿಂಗ್ ಓದು ಮುಗಿಸಲು ಇಲ್ಲಿನ ಎನ್.ಐ.ಇ. ಕಾಲೇಜಿಗೆ ಮರಳಿದರು. ಮತ್ತೆ ಟೆಸ್ಟ್ ಆಡಿದ್ದು 1967ರಲ್ಲಿ. ಐದು ವರ್ಷದ ಬಿಡುವು! ವೇಗದ ಬೌಲರ್ ಆಗಿದ್ದರೆ ಅಷ್ಟರಲ್ಲಿ ಊರು ಮರೆತುಬಿಡುತ್ತಿತ್ತು. ಪ್ರಸನ್ನ ಬಂದು 49 ಟೆಸ್ಟಿನಲ್ಲಿ 189 ವಿಕೆಟ್ ತೆಗೆದರು. ಸ್ಪಿನ್ ವಿದ್ಯೆ ನಿಧಾನಕ್ಕೆ ಹಣ್ಣಾಗುವ ಮಾಲು. ಕಾಯಿಯಲ್ಲೇ ಕಚ್ಚಿ ನೋಡಿ ಹುಳಿ ಅಂತ ಉಗುಳುವವರಿಗೆ ಅದು ದಕ್ಕುವುದಿಲ್ಲ.

ಈಗಿನ ಹುಡುಗರಿಗೆ ಹೇಳಿಕೊಡುವವರಿಲ್ಲ ಎನ್ನುವ ಹಾಗಿಲ್ಲ. ಮೊಬೈಲಿನಲ್ಲಿ ಶೇನ್ ವಾರ್ನ್ 1993ರಲ್ಲಿ ಮ್ಯಾಂಚೆಸ್ಟರಿನಲ್ಲಿ ಗ್ಯಾಟಿಂಗ್‌ಗೆ ಹಾಕಿದ ಚೆಂಡನ್ನು ನೂರು ಸಲ ನಿಧಾನಗತಿಯಲ್ಲಿ ನೋಡಿರುತ್ತಾರೆ. ಹಿಡಿತ ಬಾಯಿಪಾಠ. ಆಫ್ ಬ್ರೇಕಿಗೆ ತೋರುಬೆರಳು, ನಡುಬೆರಳು ಹೊಲಿಗೆಯ ಮೇಲೆ ಅಗಲವಾಗಿ ಕೂರಬೇಕು, ಬಾಗಿಲ ಗುಬಟು ತಿರುಗಿಸಿದಂತೆ ಬಲಕ್ಕೆ ತಿರುವಬೇಕು. ಲೆಗ್ ಬ್ರೇಕಿಗೆ ಮಡಿಸಿದ ಉಂಗುರಬೆರಳು ಮತ್ತು ಮಣಿಕಟ್ಟಿನ ಕೆಲಸ, ಚೆಂಡು ಎಡಕ್ಕೆ ಸುತ್ತುತ್ತಾ ಹೊರಡಬೇಕು. ಇಷ್ಟು ಯಾರಾದರೂ ಹೇಳಿಯಾರು. ಹೇಳಲಾರದ್ದು ಮುಂದಿನದು.

ಚೆಂಡನ್ನು ಮೇಲಕ್ಕೆ ಎತ್ತಿ ಹಾಕಿದರೆ ಫ್ಲೈಟ್ ಆಯಿತೆಂದು ನೂರಕ್ಕೆ ತೊಂಬತ್ತು ಹುಡುಗರು ತಿಳಿದಿದ್ದಾರೆ. ಅದು ಫ್ಲೈಟಲ್ಲ, ದಾನ. ಚೆಂಡು ಬ್ಯಾಟ್ಸ್‌ಮನ್ನನ ಕಣ್ಣಿನ ಮಟ್ಟಕ್ಕಿಂತ ಮೇಲೆ ಹೋಗಬೇಕು, ಸರಿ. ಆದರೆ ಮುಂದಕ್ಕೆ ಉರುಳುವ ಸುತ್ತು ಅದರಲ್ಲಿ ಬಲವಾಗಿ ಇರಬೇಕು. ಆಗ ಗಾಳಿ ಅದನ್ನು ಕೆಳಕ್ಕೆ ಒತ್ತುತ್ತದೆ. ಇಲ್ಲಿ ಬೀಳುತ್ತೆ ಅಂದುಕೊಂಡು ಕಾಲು ಮುಂದಿಟ್ಟವನಿಗೆ ಚೆಂಡು ಒಂದು ಗೇಣು ಮೊದಲೇ ಇಳಿದುಬಿಡುತ್ತದೆ. ಪ್ರಸನ್ನ ಜಗತ್ತಿನ ದೊಡ್ಡ ದೊಡ್ಡವರನ್ನು ಯಾಮಾರಿಸಿದ್ದು ಹೀಗೆಯೇ. ನೆಲಕ್ಕೆ ಬಿದ್ದ ಮೇಲೆ ತಿರುಗಿದ್ದು ಆಮೇಲಿನ ಮಾತು.

ಈ ಸುತ್ತು ಬರಬೇಕಾದರೆ ಮೊದಲು ಧೈರ್ಯವಾಗಿ ತಿರುವಬೇಕು. ನೆಟ್ಟಗೆ ಹಾಕುವುದನ್ನು ಆಮೇಲೆ ಕಲಿಯಬಹುದು. ನಮ್ಮ ಬಯಲು ಗುರುಗಳು ಹೇಳುವುದು ತದ್ವಿರುದ್ಧ: "ಲೈನಲ್ಲಿ ಹಾಕೋ, ತಿರುಗಿಸೋದು ಆಮೇಲೆ." ಹತ್ತು ವರ್ಷದವನು ಲೈನಲ್ಲಿ ಹಾಕಲು ಕಲಿತರೆ ಹದಿನೆಂಟಕ್ಕೂ ಲೈನಲ್ಲೇ ಹಾಕುತ್ತಿರುತ್ತಾನೆ. ತಿರುಗುವುದು ಬರುವುದೇ ಇಲ್ಲ. ಮನೆಯಲ್ಲಿ ಮೂಸಂಬಿ ಹಣ್ಣೊಂದನ್ನು ಒಂದು ಕೈಯಿಂದ ಇನ್ನೊಂದಕ್ಕೆ ತಿರುವಿ ತಿರುವಿ ಹಾರಿಸುತ್ತಾ ಕೂತರೂ ಸಾಕು, ಬೆರಳಿಗೆ ವಿದ್ಯೆ ಹತ್ತುತ್ತದೆ. ಅಮ್ಮ ಬೈದರೆ ಬೈಸಿಕೊಳ್ಳಬೇಕು. ಬೆರಳಿನ ಚರ್ಮ ಕಿತ್ತು ಬರುವುದೂ ಉಂಟು. ಬಾರದಿದ್ದರೆ ತಿರುವಿದ್ದು ಸಾಲದು ಎಂದರ್ಥ.

ಇನ್ನು ಚೆಂಡಿನ ರಾಮಾಯಣ. ನಿಜವಾದ ಕ್ರಿಕೆಟ್ ಚೆಂಡಿನ ತೂಕ 156ರಿಂದ 163 ಗ್ರಾಂ. ಟೆನಿಸ್ ಚೆಂಡು ಅರವತ್ತು ಗ್ರಾಮನ್ನೂ ಮುಟ್ಟುವುದಿಲ್ಲ, ಅದಕ್ಕೆ ಎದ್ದ ಹೊಲಿಗೆಯೂ ಇಲ್ಲ. ಬಡಾವಣೆಯ ಹುಡುಗರು ಕಲಿಯುವುದೆಲ್ಲ ಇದರಲ್ಲೇ. ಬೆರಳಿನಿಂದ ಚಿಮ್ಮಿಸಿದರೆ ಹಾವಿನಂತೆ ಹರಿದಾಡುವ ಈ ಚೆಂಡಿನಲ್ಲಿ ಸಿಕ್ಕ ಖುಷಿ, ತೊಗಲಿನ ಚೆಂಡು ಕೈಗೆ ಬಂದ ದಿನ ಇಳಿದುಹೋಗುತ್ತದೆ. ಹಾಗಂತ ಟೆನಿಸ್ ಚೆಂಡನ್ನು ಹೀಗಳೆಯಬೇಕಾಗಿಲ್ಲ. ಗೂಗ್ಲಿ ಎಂಬ ಮಾಯೆಯನ್ನು ಇಂಗ್ಲೆಂಡಿನ ಬೊಸಾಂಕೆ ಕಂಡುಹಿಡಿದದ್ದು ಮೇಜಿನ ಮೇಲೆ ಟೆನಿಸ್ ಚೆಂಡು ಪುಟಿಸುವ ಆಟವಾಡುತ್ತಾ. ಆದರೆ ಅವನು ಅಲ್ಲಿಗೇ ನಿಲ್ಲಲಿಲ್ಲ, ಅದನ್ನು ದೊಡ್ಡ ಚೆಂಡಿಗೆ, ಇಪ್ಪತ್ತೆರಡು ಗಜಕ್ಕೆ ಒಗ್ಗಿಸಲು ವರ್ಷಗಟ್ಟಲೆ ಬೆವರು ಸುರಿಸಿದ. ನಮ್ಮವರಿಗೆ ಆ ಎರಡನೆಯ ಭಾಗಕ್ಕೆ ಅವಕಾಶವಿಲ್ಲ.

ಹಿಂದೆ ಮ್ಯಾಟು ಇತ್ತು. ನಾರಿನ ಚಾಪೆಯನ್ನು ನೆಲಕ್ಕೆ ಮೊಳೆ ಹೊಡೆದು ಬಿಗಿದರೆ ಚೆಂಡು ಹಿಡಿದು ತಿರುಗುತ್ತಿತ್ತು, ಎದೆಮಟ್ಟ ಎಗರುತ್ತಿತ್ತು. ಕಲಿಯುವವನಿಗೆ ಅದಕ್ಕಿಂತ ಹುರುಪು ಬೇರೆ ಬೇಕೇ? ಮ್ಯಾಟಿನ ಮೇಲೆ ತಿರುಗಿಸಿ ರುಚಿ ಕಂಡವನು ಮುಂದೆ ಹುಲ್ಲಿನ ಪಿಚ್ಚಿನ ಮೇಲೂ ತಿರುಗಿಸದೆ ಬಿಡುವುದಿಲ್ಲ. ಈಗ ಹಲವು ಕಡೆ ಸಿಮೆಂಟು, ಇಲ್ಲವೇ ಗಟ್ಟಿ ಮಣ್ಣು. ಚೆಂಡು ಜಾರಿಕೊಂಡು ನೆಟ್ಟಗೆ ಹೋಗುತ್ತದೆ, ಹುಡುಗ ತನಗೇ ಬರುವುದಿಲ್ಲ ಅಂದುಕೊಳ್ಳುತ್ತಾನೆ.

ಭಾನುವಾರದ ನ್ಯಾಯವೂ ಸ್ಪಿನ್ನರಿಗೆ ವಿರೋಧವೇ. ಅಂಪೈರ್ ಬ್ಯಾಟಿಂಗ್ ಪಕ್ಷದವನು. ಕಾಲಿಗೆ ಬಡಿದರೆ ಎಲ್‌ಬಿಡಬ್ಲ್ಯು ಎಂಬುದು ಆ ಬಯಲಿನ ಕಾನೂನಿನಲ್ಲಿಲ್ಲ, ಲೆಗ್ ಕಡೆ ಕೂದಲೆಳೆ ಸರಿದರೂ ವೈಡ್ ಮಾತ್ರ ಖಂಡಿತ. ಕೀಪರಿಗೆ ನೆಟ್ಟಗೆ ಗ್ಲೌಸಿಲ್ಲ, ಹತ್ತು ಹೆಜ್ಜೆ ಹಿಂದೆ ನಿಂತಿರುತ್ತಾನೆ. ಸ್ಟಂಪಿಂಗ್ ಎಲ್ಲಿಂದ ಬರಬೇಕು? ಹೀಗೆ ಎರಡು ಬಗೆಯ ಔಟು ಮೊದಲೇ ಕಳೆದುಹೋಯಿತು. ಉಳಿದದ್ದು ಕ್ಯಾಚು. ಅದಕ್ಕೆ ಹತ್ತಿರ ಬಂದು ನಿಲ್ಲುವವರು ಬೇಕಲ್ಲ! ಒಂದು ಬೌಂಡರಿ ಹೋದ ಕೂಡಲೇ ಒಂಬತ್ತೂ ಜನ ಗೆರೆಗೆ ಓಡುತ್ತಾರೆ.

ಚಂದ್ರಶೇಖರ್ 1971ರಲ್ಲಿ ಲಂಡನ್ನಿನ ಓವಲ್‌ನಲ್ಲಿ 38 ರನ್ನಿಗೆ ಆರು ವಿಕೆಟ್ ಕಿತ್ತು ಇಂಗ್ಲೆಂಡನ್ನು 101ಕ್ಕೆ ಮಗುಚಿದ ದಿನ ಬ್ಯಾಟಿನ ಬುಡದಲ್ಲೇ ಏಕನಾಥ ಸೋಲ್ಕರ್ ಎಂಬ ಎದೆಗಾರ ನಿಂತಿದ್ದ. ಅಜಿತ್ ವಾಡೇಕರ್ ಎಂಬ ಕ್ಯಾಪ್ಟನ್ ಚೆಂಡನ್ನು ಚಂದ್ರನ ಕೈಯಿಂದ ಕಿತ್ತುಕೊಳ್ಳಲಿಲ್ಲ. ಅದೇ ವರ್ಷ ಅದೇ ದೇಶದಲ್ಲಿ ಭಾರತ ಮೊದಲ ಬಾರಿ ಟೆಸ್ಟ್ ಸರಣಿ ಗೆದ್ದಿತು. ಬೌಲರ್ ಒಬ್ಬನೇ ವಿಕೆಟ್ ತೆಗೆಯುತ್ತಾನೆಂಬುದು ಸ್ಕೋರು ಪುಸ್ತಕದ ನಂಬಿಕೆ ಅಷ್ಟೆ.

ಈ ಊರಿನ ಇನ್ನೊಬ್ಬ ಮಗ ಜಾವಗಲ್ ಶ್ರೀನಾಥ್ ವೇಗದ ಬೌಲರ್. ಇಲ್ಲಿನ ಹುಡುಗರು ಓಡಿ ಬಂದು ಎಸೆಯುವುದಕ್ಕೆ ಅವರೂ ಒಂದು ಕಾರಣ, ತಪ್ಪೇನಿಲ್ಲ. ಆದರೆ 1999ರ ಫೆಬ್ರವರಿ 7ರಂದು ದೆಹಲಿಯಲ್ಲಿ ಶ್ರೀನಾಥ್ ಮಾಡಿದ್ದನ್ನೂ ಹುಡುಗರಿಗೆ ಹೇಳಬೇಕು. ಪಾಕಿಸ್ತಾನದ ಒಂಬತ್ತು ವಿಕೆಟ್ಟೂ ಅನಿಲ್ ಕುಂಬ್ಳೆಯ ಪಾಲಾಗಿತ್ತು. ಹತ್ತನೆಯದೂ ಅವರಿಗೇ ಸಿಗಲಿ ಎಂದು ಆ ಕಡೆಯಿಂದ ಶ್ರೀನಾಥ್ ಬೇಕೆಂದೇ ವಿಕೆಟ್ಟಿನಿಂದ ದೂರ ದೂರ ಎಸೆದರು. ಕುಂಬ್ಳೆ 74ಕ್ಕೆ ಹತ್ತು. ಆ ಕುಂಬ್ಳೆಯೂ ಮೊದಲು ಹಾಕುತ್ತಿದ್ದುದು ಮಧ್ಯಮ ವೇಗ. ಸ್ಪಿನ್ನಿಗೆ ತಿರುಗಿದ ಮೇಲೂ "ಇವನದು ತಿರುಗೋದೇ ಇಲ್ಲ" ಅಂದವರು ಕಡಿಮೆಯೇನಿರಲಿಲ್ಲ. 619 ಟೆಸ್ಟ್ ವಿಕೆಟ್ ಆದ ಮೇಲೆ ಬಾಯಿ ಮುಚ್ಚಿದರು.

ಬೆಂಗಳೂರು, ಮೈಸೂರಿನವರಿಗಷ್ಟೇ ಇದೆಲ್ಲ ಎಂದು ತಿಳಿಯಬೇಡಿ. ಗದಗಿನ ಸುನಿಲ್ ಜೋಶಿ ಹುಡುಗನಾಗಿದ್ದಾಗ ಪ್ರಾಕ್ಟೀಸಿಗಾಗಿ ಬೆಳಗಿನ ಜಾವ ಹುಬ್ಬಳ್ಳಿಗೆ ಹೋಗಿ, ಶಾಲೆಯ ಹೊತ್ತಿಗೆ ಊರಿಗೆ ಮರಳುತ್ತಿದ್ದರು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ವಿರುದ್ಧ ಹತ್ತು ಓವರಿನಲ್ಲಿ ಆರು ರನ್ ಕೊಟ್ಟು ಐದು ವಿಕೆಟ್ ತೆಗೆದ ಎಡಗೈ ಅದು. ವಿಜಯಪುರದ ರಾಜೇಶ್ವರಿ ಗಾಯಕವಾಡ್ 2017ರ ಮಹಿಳಾ ವಿಶ್ವಕಪ್ಪಿನಲ್ಲಿ ನ್ಯೂಜಿಲೆಂಡನ್ನು 15ಕ್ಕೆ ಐದರಂತೆ ಉರುಳಿಸಿದ್ದೂ ಎಡಗೈ ಸ್ಪಿನ್ನಿನಿಂದಲೇ. ಇಲ್ಲಿನ ಬಯಲಲ್ಲಿ ಹುಡುಗಿಯರಿಗೆ ಆ ಒಂದು ಓವರೂ ಸಿಗುವುದಿಲ್ಲ ಎಂಬುದು ಬೇರೆಯೇ ಬರೆಯಬೇಕಾದ ಕತೆ.

ಹೊಡೆಸಿಕೊಳ್ಳುವ ಹೆದರಿಕೆಯಿಂದ ಇನ್ನೊಂದು ರೋಗವೂ ಹುಟ್ಟುತ್ತದೆ. ಬೇಗ ಹಾಕಬೇಕೆಂಬ ಆತುರಕ್ಕೆ ಮೊಣಕೈ ಮಡಿಸಿ, ಕಲ್ಲು ಬೀರಿದಂತೆ ಬೀರುವುದು. 2005ರಿಂದ ಅಂತಾರಾಷ್ಟ್ರೀಯ ಆಟದಲ್ಲಿ ಮೊಣಕೈ ಹದಿನೈದು ಡಿಗ್ರಿಯವರೆಗೆ ನೆಟ್ಟಗಾದರೆ ತಪ್ಪಿಲ್ಲ ಎಂಬ ಲೆಕ್ಕ ಬಂತು. ಅದನ್ನು ಅಳೆಯಲು ಕ್ಯಾಮರಾ, ಪ್ರಯೋಗಶಾಲೆ ಬೇಕು. ಬಯಲಿನಲ್ಲಿ ಅಳೆಯುವವರು ಯಾರು? ಹದಿಮೂರಕ್ಕೆ ತಿದ್ದದಿದ್ದರೆ ಇಪ್ಪತ್ತಕ್ಕೆ ಲೀಗ್ ಮ್ಯಾಚಿನಲ್ಲಿ ನೋಬಾಲ್ ಅನ್ನಿಸಿಕೊಂಡು ತಲೆ ತಗ್ಗಿಸಬೇಕಾಗುತ್ತದೆ.

ಪರಿಹಾರಕ್ಕೆ ದೊಡ್ಡ ಅಕಾಡೆಮಿ, ಲಕ್ಷಗಟ್ಟಲೆ ಫೀಸು ಏನೂ ಬೇಡ. ಕ್ಲಬ್ಬಿನ ಹಿರಿಯರು, ಶಾಲೆಯ ದೈಹಿಕ ಶಿಕ್ಷಕರು ಮನಸ್ಸು ಮಾಡಿದರೆ ಸಾಕು. ತಿಂಗಳಿಗೆ ಒಂದು ಭಾನುವಾರವಾದರೂ ಹತ್ತು ಓವರಿನ ಕುಣಿತ ಬಿಟ್ಟು ಇಡೀ ದಿನದ ಆಟ ಆಡಲಿ. ಕ್ಲಬ್ಬಿನವರು ಚಂದಾ ಎತ್ತಿ ಒಂದು ಮ್ಯಾಟು ಕೊಳ್ಳಲಿ, ಜೊತೆಗೆ ಕೀಪರಿಗೆ ಒಂದು ಜೊತೆ ಗ್ಲೌಸು. ಹದಿನಾರರ ಒಳಗಿನ ಸ್ಪಿನ್ನರ್ ಒಬ್ಬನಿಗೆ ಒಂದೇ ಸಮನೆ ಐದು ಓವರ್ ಕೊಡುವುದೆಂದು ಎರಡೂ ಕಡೆಯವರು ಆಟಕ್ಕೆ ಮೊದಲೇ ಒಪ್ಪಿಕೊಳ್ಳಲಿ. ಮೊದಲ ಎರಡು ಓವರಿನಲ್ಲಿ ಇಪ್ಪತ್ತೈದು ಹೋಗಬಹುದು. ಮೂರನೆಯದರಲ್ಲಿ ಹುಡುಗನ ಉಸಿರು ಹದಕ್ಕೆ ಬರುತ್ತದೆ, ನಾಲ್ಕನೆಯದರಲ್ಲಿ ಹಿಂದಿನ ಸಿಕ್ಸರಿನ ಮಜಾ ನೆನೆದು ಮುನ್ನುಗ್ಗಿದವನು ಮಿಡ್ ಆಫ್‌ನಲ್ಲಿ ಕ್ಯಾಚು ಕೊಟ್ಟರೂ ಕೊಟ್ಟಾನು. ಕೊಡದಿದ್ದರೆ ಐದನೆಯದು ಇದೆಯಲ್ಲ.

ಕಾಂಪೌಂಡಿನೊಳಗೆ ಕಳೆದುಹೋದ ಚೆಂಡಿನ ದುಡ್ಡು ಯಾರು ಕೊಡಬೇಕೆಂದು ಕ್ಯಾಪ್ಟನ್ನರು ಕೇಳಬಹುದು. ಹೊಡೆದವನೇ ಕೊಡಲಿ.