ಕರಿ ಬಿಯರಿನ ಕಹಿ, ಹಾಪ್ ಹೂವಿನ ಕಹಿ

ಬಿಯರ್ ಕುಡಿಯುವ ರೂಢಿಯು ಶತಮಾನಗಳಿಂದ ಬೇರೂರಿರುವ ಇಂಗ್ಲೆಂಡ್, ಐರ್ಲೆಂಡ್ ಮೊದಲಾದ ದೇಶಗಳಲ್ಲಿ ಆ ಪಾನೀಯದ ಎರಡು ಬಗೆಗಳು ಬಹು ಪ್ರಸಿದ್ಧವಾಗಿವೆ. ಒಂದು, ಕಾಫಿಯ ಡಿಕಾಕ್ಷನ್ನಿನಂತೆ ಕಪ್ಪಗಿರುವ ಪೋರ್ಟರ್ ಅಥವಾ ಸ್ಟೌಟ್. ಇನ್ನೊಂದು, ಜೇನಿನ ಬಣ್ಣದ, ಹಾಪ್ ಎಂಬ ಹೂವಿನ ವಾಸನೆ ಬಲವಾಗಿರುವ ಪೇಲ್ ಏಲ್. ಮೊದಲನೆಯದಕ್ಕೆ ಒಗ್ಗಿಹೋದವರು ಎರಡನೆಯದನ್ನು ಬಾಯಿಗಿಟ್ಟೊಡನೆ ಮುಖ ಸಿಂಡರಿಸಿ, ಇದು ಬರಿಯ ಕಹಿ ಎಂದು ಲೋಟವನ್ನು ಕೆಳಗಿಡುವುದುಂಟು. ಆದರೆ ಪ್ರಯೋಗಶಾಲೆಯಲ್ಲಿ ಅಳೆದು ನೋಡಿದರೆ, ಅವರು ಮೆಚ್ಚಿ ಕುಡಿಯುತ್ತಿದ್ದ ಕರಿ ಬಿಯರಿನಲ್ಲಿಯೂ ಹಾಪ್ ಹೂವಿನ ಕಹಿ ಹೆಚ್ಚುಕಡಿಮೆ ಅಷ್ಟೇ ಇರಬಹುದು. ಹಾಗಿದ್ದಲ್ಲಿ ಒಂದು ಕಹಿ ಹಿತವಾಗಿಯೂ ಇನ್ನೊಂದು ಅಸಹ್ಯವಾಗಿಯೂ ತೋರುವುದೇಕೆ? ಕಾಲಕ್ರಮದಲ್ಲಿ ಅವರಲ್ಲಿಯೇ ಅನೇಕರು ಎರಡನೆಯದನ್ನೂ ಮೆಚ್ಚಲು ಕಲಿಯುವುದು ಹೇಗೆ?

ಪಾನಕ್ಕೆ ಪ್ರೋತ್ಸಾಹ ಕೊಡುವುದು ಈ ಲೇಖನದ ಉದ್ದೇಶವಲ್ಲ. ಮದ್ಯಸಾರವು ದೇಹಕ್ಕೆ ಹಾನಿಕರವೆಂಬುದರಲ್ಲಿ ವೈದ್ಯಶಾಸ್ತ್ರಕ್ಕೆ ಸಂದೇಹವಿಲ್ಲ. ಆದರೆ ಮದ್ಯಸಾರವನ್ನು ತೆಗೆದುಹಾಕಿದ ಬಿಯರಿನಲ್ಲಿಯೂ ಈ ಕಹಿ ಉಳಿದೇ ಇರುತ್ತದೆ. ಇಲ್ಲಿಯ ಸಮಸ್ಯೆ ಅಮಲಿನದಲ್ಲ, ರುಚಿಯದು. ಕಾಫಿ ಕುಡಿಯುವವರಿಗೂ ಹಾಗಲಕಾಯಿ ತಿನ್ನುವವರಿಗೂ ಅದು ಸಮಾನವಾಗಿ ಅನ್ವಯಿಸುತ್ತದೆ.

ಹುರಿದ ಕಾಳಿನಿಂದ ಬಂದ ಕಹಿ

ಬಿಯರಿನ ತಯಾರಿಕೆಯು ಬಾರ್ಲಿಯಿಂದ ಆರಂಭವಾಗುತ್ತದೆ. ಕಾಳನ್ನು ನೆನೆಸಿ ಮೊಳಕೆ ಬರಿಸಿ ಒಣಗಿಸಿದರೆ ಅದು ಮಾಲ್ಟ್. ಮಾಲ್ಟಿನ ನುಚ್ಚನ್ನು ಬಿಸಿನೀರಿನಲ್ಲಿ ಇಟ್ಟಾಗ, ಮೊಳೆಯುವ ಕಾಲದಲ್ಲಿ ಹುಟ್ಟಿದ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿ ಮಾರ್ಪಡಿಸುತ್ತವೆ. ಈ ಸಿಹಿ ರಸವನ್ನು ಸೋಸಿ, ಹಾಪ್ ಹೂವನ್ನು ಹಾಕಿ ಕುದಿಸಿ, ಆರಿಸಿ, ಯೀಸ್ಟನ್ನು ಬೆರೆಸಿ ಹುದುಗಲು ಬಿಡುತ್ತಾರೆ.

ಕರಿ ಬಿಯರಿಗೆ ಬೇಕಾದ ಕಾಳಿನಲ್ಲಿ ಒಂದು ಭಾಗವನ್ನು ಕಪ್ಪಾಗುವವರೆಗೆ ಹುರಿಯಲಾಗುತ್ತದೆ. ತಿರುಗುವ ಪೀಪಾಯಿಯಲ್ಲಿ ಕಾಳನ್ನು ಹೊತ್ತಿಹೋಗದಂತೆ ಹುರಿಯುವ ವಿಧಾನಕ್ಕೆ ಡೇನಿಯಲ್ ವ್ಹೀಲರ್ ಎಂಬಾತ 1817ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದನು. ಹುರಿಯುವಾಗ ಕಾಳಿನ ಸಕ್ಕರೆಗಳೂ ಅಮೈನೋ ಆಮ್ಲಗಳೂ ಒಂದರೊಡನೊಂದು ಸಂಯೋಗ ಹೊಂದಿ, ಕಂದುಬಣ್ಣದ ವಸ್ತುಗಳನ್ನೂ ನೂರಾರು ಬಗೆಯ ವಾಸನಾದ್ರವ್ಯಗಳನ್ನೂ ಕೊಡುತ್ತವೆ. ಲೂಯಿ ಕಾಮಿಲ್ ಮೇಯಾರ್ ಎಂಬ ಫ್ರೆಂಚ್ ವಿಜ್ಞಾನಿ 1912ರಲ್ಲಿ ವರ್ಣಿಸಿದ ಈ ಕ್ರಿಯೆಗೆ ಅವನ ಹೆಸರೇ ನಿಂತಿದೆ. ನಮ್ಮ ಮನೆಗಳಲ್ಲಿ ಕಾಫಿಬೀಜವನ್ನು ಹುರಿಯುವಾಗ ಏಳುವ ಪರಿಮಳವೂ, ರೊಟ್ಟಿಯ ಮೇಲಿನ ಕಂದು ಕಲೆಗಳೂ ಬಹುಮಟ್ಟಿಗೆ ಇದರ ಫಲವೇ. ಆದುದರಿಂದ ಕರಿ ಬಿಯರಿನ ಕಹಿಯು ಒಂಟಿಯಾಗಿ ಬರುವುದಿಲ್ಲ. ಕಾಫಿ, ಚಾಕೊಲೇಟು, ಸುಟ್ಟ ರೊಟ್ಟಿ ಇವುಗಳ ಪರಿಚಿತ ವಾಸನೆಯನ್ನೂ, ಹಲವು ವೇಳೆ ಸ್ವಲ್ಪ ಸಿಹಿಯನ್ನೂ ಜೊತೆಗೆ ಕರೆದುಕೊಂಡು ಬರುತ್ತದೆ.

ಹೂವಿನಿಂದ ಬಂದ ಕಹಿ

ಹಾಪ್ ಎಂಬುದು ಸಮಶೀತೋಷ್ಣ ವಲಯದ ಒಂದು ಬಳ್ಳಿ. ಇದರ ಸಸ್ಯಶಾಸ್ತ್ರೀಯ ನಾಮಧೇಯ ಹ್ಯೂಮುಲಸ್ ಲುಪ್ಯುಲಸ್. ಹೆಣ್ಣು ಬಳ್ಳಿಗಳಲ್ಲಿ ಹಸುರು ಎಸಳುಗಳು ಒಂದರ ಮೇಲೊಂದು ಹೊದ್ದಿರುವ ಶಂಕುವಿನಾಕಾರದ ಗೊಂಚಲುಗಳು ಬಿಡುತ್ತವೆ. ಎಸಳನ್ನು ಬಿಡಿಸಿ ನೋಡಿದರೆ ಬುಡದಲ್ಲಿ ಹಳದಿ ಪುಡಿಯಂತಹ ಅಂಟುಗ್ರಂಥಿಗಳು ಕಾಣುತ್ತವೆ. ಬಿಯರಿಗೆ ಬೇಕಾದುದೆಲ್ಲ ಈ ಪುಡಿಯಲ್ಲಿದೆ. ಇದರಲ್ಲಿ ಎರಡು ವರ್ಗದ ವಸ್ತುಗಳು ಮುಖ್ಯ: ಆಲ್ಫಾ ಆಮ್ಲಗಳೆಂಬ ರಾಳಗಳು ಮತ್ತು ಸುಗಂಧ ತೈಲಗಳು.

ಆಲ್ಫಾ ಆಮ್ಲಗಳು ನೀರಿನಲ್ಲಿ ಚೆನ್ನಾಗಿ ಕರಗುವುದಿಲ್ಲ. ಆದರೆ ರಸದೊಡನೆ ಸುಮಾರು ಒಂದು ಗಂಟೆ ಕುದಿಸಿದಾಗ ಅವುಗಳ ಅಣುರಚನೆಯು ಬದಲಾಗುತ್ತದೆ: ಆರು ಪರಮಾಣುಗಳ ಉಂಗುರವು ಐದರ ಉಂಗುರವಾಗಿ ಕುಗ್ಗುತ್ತದೆ. ಪರಮಾಣುಗಳ ಸಂಖ್ಯೆ ಅಷ್ಟೇ. ಜೋಡಣೆ ಮಾತ್ರ ಬೇರೆ. ಹೀಗೆ ಹುಟ್ಟುವ ಸಮಾಂಗಿಗಳು ಹೆಚ್ಚು ಕರಗಬಲ್ಲವು, ತೀವ್ರ ಕಹಿಯುಳ್ಳವು. ಬಿಯರನ್ನು ಹುಳಿಯಾಗಿಸುವ ಹಲವು ಬ್ಯಾಕ್ಟೀರಿಯಗಳ ಬೆಳವಣಿಗೆಯನ್ನು ಇವು ತಡೆಯುತ್ತವೆ. ಹಾಪ್ ಸೇರಿದ ಪಾನೀಯವು ಹೆಚ್ಚು ಕಾಲ ಕೆಡದಿರುತ್ತದೆಂಬುದನ್ನು ಹನ್ನೆರಡನೆಯ ಶತಮಾನದಲ್ಲಿಯೇ ಜರ್ಮನಿಯ ಸಂನ್ಯಾಸಿನಿ ಹಿಲ್ಡೆಗಾರ್ಡ್ ಬರೆದಿಟ್ಟಿದ್ದಾಳೆ. ಬವೇರಿಯದ 1516ರ ಶಾಸನವು ಬಾರ್ಲಿ, ಹಾಪ್, ನೀರು ಇವು ಮೂರನ್ನು ಬಿಟ್ಟು ಬೇರೇನನ್ನೂ ಬಿಯರಿಗೆ ಸೇರಿಸಬಾರದೆಂದು ವಿಧಿಸಿತು.

ಈ ಕಹಿಯನ್ನು ಅಳೆಯುವ ಮಾನವೊಂದುಂಟು. ಒಂದು ಲೀಟರಿನಲ್ಲಿ ಒಂದು ಮಿಲಿಗ್ರಾಂ ಸಮಾಂಗಿ ಇದ್ದರೆ ಅದು ಸುಮಾರಾಗಿ ಒಂದು ಕಹಿಮಾನ. ಐರ್ಲೆಂಡಿನ ಮಾದರಿಯ ಸ್ಟೌಟ್ ಸಾಮಾನ್ಯವಾಗಿ 25ರಿಂದ 45ರವರೆಗೆ ಇರುತ್ತದೆ. ಹಾಪ್ ಹೆಚ್ಚಾಗಿರುವ ಅಮೆರಿಕದ ಇಂಡಿಯಾ ಪೇಲ್ ಏಲ್ 40ರಿಂದ 70ರವರೆಗೆ. ಇಂಪೀರಿಯಲ್ ಸ್ಟೌಟ್ ಎಂಬ ಗಾಢವಾದ ಕರಿ ಬಿಯರಿನಲ್ಲಿ ಕಹಿಮಾನವು 50ರಿಂದ 90ನ್ನು ಮುಟ್ಟುವುದುಂಟು. ಅದನ್ನು ಕುಡಿದು ಮೆಚ್ಚಿದವನೇ ಹೊಂಬಣ್ಣದ ಬಿಯರನ್ನು ಕಹಿಯೆಂದು ದೂರಿದರೆ, ಅವನ ದೂರು ಕಹಿಯ ಪ್ರಮಾಣದ ಮೇಲಲ್ಲ, ಕಹಿಯ ಸಹವಾಸದ ಮೇಲೆ ಎನ್ನಬೇಕು. ಮಾಲ್ಟಿನ ಸಿಹಿಯು ಕಹಿಯನ್ನು ಮರೆಮಾಡುತ್ತದೆ. ಆ ಮರೆ ತೆಳುವಾದಾಗ ಅದೇ ಕಹಿ ಮುಂದೆ ಬಂದು ನಿಲ್ಲುತ್ತದೆ.

ನೀರು ಮಾಡಿದ ವಿಭಾಗ

ಕರಿ ಬಿಯರೂ ಹಾಪಿನ ಬಿಯರೂ ಬೇರೆ ಬೇರೆ ಊರುಗಳಲ್ಲಿ ಹೆಸರು ಪಡೆದುದಕ್ಕೆ ಭೂಗರ್ಭದಲ್ಲಿಯೂ ಒಂದು ಕಾರಣವಿದೆ. ಲಂಡನ್, ಡಬ್ಲಿನ್ ನಗರಗಳ ನೀರಿನಲ್ಲಿ ಸುಣ್ಣದ ಬೈಕಾರ್ಬೊನೇಟ್ ಅಧಿಕ; ಆ ನೀರು ಕ್ಷಾರಗುಣದ್ದು. ಹುರಿದ ಕಾಳಿನಲ್ಲಿ ಆಮ್ಲಗುಣವಿರುವುದರಿಂದ ಅದು ಈ ಕ್ಷಾರವನ್ನು ಶಮನಗೊಳಿಸುತ್ತದೆ. ಕರಿ ಬಿಯರು ಅಲ್ಲಿ ಸೊಗಸಾಗಿ ಕುದುರಿತು. ಅದೇ ನೀರಿನಲ್ಲಿ ಬಿಳಿ ಮಾಲ್ಟನ್ನೂ ಬಹಳ ಹಾಪನ್ನೂ ಬಳಸಿದರೆ ಕಹಿಯು ಒರಟಾಗುತ್ತದೆ. ಮಧ್ಯ ಇಂಗ್ಲೆಂಡಿನ ಬರ್ಟನ್ ಪಟ್ಟಣದ ಬಾವಿಗಳಲ್ಲಿಯಾದರೋ ಜಿಪ್ಸಮ್, ಎಂದರೆ ಕ್ಯಾಲ್ಸಿಯಂ ಸಲ್ಫೇಟ್, ಹೇರಳವಾಗಿ ಕರಗಿದೆ. ಅದರ ಕ್ಯಾಲ್ಸಿಯಮ್ಮು ಮಾಲ್ಟಿನ ಫಾಸ್ಫೇಟುಗಳೊಡನೆ ಸೇರಿ ರಸವನ್ನು ತಕ್ಕಷ್ಟು ಆಮ್ಲೀಯವಾಗಿಸುತ್ತದೆ; ಸಲ್ಫೇಟು ಹಾಪಿನ ಕಹಿಯನ್ನು ಚೊಕ್ಕಟವಾಗಿ, ಶುಷ್ಕವಾಗಿ ತೋರಿಸುತ್ತದೆ.

ಇಂಡಿಯಾ ಪೇಲ್ ಏಲ್ ಎಂಬ ಹೆಸರಿನಲ್ಲಿ ನಮ್ಮ ದೇಶವು ಬಂದುದು ಈಸ್ಟ್ ಇಂಡಿಯಾ ಕಂಪೆನಿಯ ಕಾಲದ ವ್ಯಾಪಾರದಿಂದ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಲಂಡನ್ನಿನ ಬೋ ಎಂಬಲ್ಲಿದ್ದ ಹಾಡ್ಜ್‌ಸನ್ ಮನೆತನದ ತಯಾರಕರು ಹಾಪ್ ಹೆಚ್ಚಾಗಿದ್ದ ಬಿಯರನ್ನು ಇಲ್ಲಿಯ ಯೂರೋಪಿಯನ್ನರಿಗಾಗಿ ಕಳುಹಿಸುತ್ತಿದ್ದರು; 1820ರ ದಶಕದಲ್ಲಿ ಬರ್ಟನ್ನಿನವರು ಅವರೊಡನೆ ಸ್ಪರ್ಧೆಗಿಳಿದರು. ಹಾಪಿನ ಬಿಯರು ಮಾತ್ರವೇ ಸಮುದ್ರಯಾನವನ್ನು ತಾಳುತ್ತಿತ್ತೆಂದು ಕೆಲವರು ಹೇಳುವುದು ಸರಿಯಲ್ಲ. ಕರಿ ಪೋರ್ಟರ್ ಕೂಡ ವಿಶೇಷವಾಗಿ ಸೈನಿಕರಿಗಾಗಿ ಭಾರತಕ್ಕೆ ಬರುತ್ತಿತ್ತು.

ನಾಲಗೆಯ ಕಾವಲುಗಾರರು

ಈಗ ನಾಲಗೆಯ ಕಡೆಗೆ ತಿರುಗೋಣ. ಸಸ್ಯಗಳ ವಿಷಗಳಲ್ಲಿ ಬಹುಪಾಲು ಕಹಿಯಾಗಿರುತ್ತವೆ. ಕಹಿಯನ್ನು ಕೂಡಲೆ ಉಗುಳುವ ಪ್ರಾಣಿಯು ಬದುಕಿ ಉಳಿಯುವ ಸಂಭವ ಹೆಚ್ಚು. ಹುಟ್ಟಿದ ಕೂಸಿನ ನಾಲಗೆಗೆ ಸಿಹಿ ತಗುಲಿದರೆ ಅದರ ಮುಖ ಅರಳುತ್ತದೆ, ಕಹಿ ತಗುಲಿದರೆ ಮುದುಡುತ್ತದೆ. ಇದನ್ನು ಯಾರೂ ಕಲಿಸಿಲ್ಲ. ನಮ್ಮ ನಾಲಗೆಯಲ್ಲಿ ಕಹಿಯನ್ನು ಗುರುತಿಸುವ ಸುಮಾರು 25 ಬಗೆಯ ಗ್ರಾಹಕ ಪ್ರೋಟೀನುಗಳಿವೆ. ಈ ವಂಶದ ಗ್ರಾಹಕಗಳನ್ನು ವಿಜ್ಞಾನಿಗಳು ಗುರುತಿಸಿದ್ದು 2000ದಲ್ಲಿ. ಹಾಪಿನ ಸಮಾಂಗಿಗಳಿಗೆ ಓಗೊಡುವವು ಅವುಗಳಲ್ಲಿ ಮೂರು ಎಂದು ಮುಂದೆ ತಿಳಿಯಿತು.

ಎಲ್ಲರ ನಾಲಗೆಯೂ ಒಂದೇ ತೆರನಲ್ಲ. 1931ರಲ್ಲಿ ಅಮೆರಿಕದ ಆರ್ಥರ್ ಫಾಕ್ಸ್ ಎಂಬ ರಸಾಯನಶಾಸ್ತ್ರಜ್ಞನು ಒಂದು ಪುಡಿಯನ್ನು ಸೀಸೆಗೆ ತುಂಬುತ್ತಿದ್ದಾಗ ಅದರ ದೂಳು ಎದ್ದಿತು. ಜೊತೆಗಿದ್ದವನಿಗೆ ಬಾಯೆಲ್ಲ ಕಹಿಯಾಯಿತು; ಫಾಕ್ಸನಿಗೆ ಏನೂ ತಿಳಿಯಲಿಲ್ಲ. ಫೀನೈಲ್‌ಥಯೋಕಾರ್ಬಮೈಡ್ ಎಂಬ ಆ ವಸ್ತುವಿನ ಕಹಿ ತಿಳಿಯುವುದೂ ತಿಳಿಯದಿರುವುದೂ ಬಹುಮಟ್ಟಿಗೆ ಆನುವಂಶಿಕವೆಂದು ಆಮೇಲೆ ಸಿದ್ಧವಾಯಿತು. ಆದುದರಿಂದ ಒಬ್ಬನಿಗೆ ಹಿತವಾದ ಕಹಿ ಇನ್ನೊಬ್ಬನಿಗೆ ಅಸಹನೀಯವಾದರೆ ಅದನ್ನು ಬರಿಯ ಹಟವೆಂದು ತಳ್ಳಿಹಾಕುವಂತಿಲ್ಲ.

ಕಲಿಕೆ ನಡೆಯುವುದೆಲ್ಲಿ?

ಕಾವಲುಗಾರನ ಎಚ್ಚರಿಕೆಯನ್ನು ಮೀರಿ ಮನುಷ್ಯನು ಕಹಿಯನ್ನು ಮೆಚ್ಚುವುದು ಮೂರು ದಾರಿಗಳಿಂದ. ಮೊದಲನೆಯದು ಪರಿಚಯ. ಹಾನಿಯಿಲ್ಲದೆ ಮತ್ತೆ ಮತ್ತೆ ಎದುರಾದ ವಸ್ತುವಿನ ಮೇಲೆ ಮನಸ್ಸಿಗೆ ಒಲವು ಹುಟ್ಟುತ್ತದೆಂಬುದನ್ನು ಮನಶ್ಶಾಸ್ತ್ರಜ್ಞ ರಾಬರ್ಟ್ ಜಾಯೊಂಕ್ 1968ರಲ್ಲಿ ಪ್ರಯೋಗಗಳಿಂದ ತೋರಿಸಿದನು. ಎರಡನೆಯದು ಸಹಚರ್ಯ. ಹೊಸ ರುಚಿಯು ಮೊದಲೇ ಪ್ರಿಯವಾದ ರುಚಿಯೊಡನೆ ಬಂದರೆ ಬೇಗನೆ ಒಪ್ಪಿತವಾಗುತ್ತದೆ. ಹಾಲುಸಕ್ಕರೆಯ ಕಾಫಿಯಿಂದ ಆರಂಭಿಸಿ ಕ್ರಮೇಣ ಕಟು ಡಿಕಾಕ್ಷನ್ನಿಗೆ ಹೋಗುವವರು ಈ ದಾರಿಯಲ್ಲಿಯೇ ನಡೆಯುತ್ತಾರೆ. ಕರಿ ಬಿಯರಿನಿಂದ ಹೊರಟವನಿಗೂ ಇಂತಹ ಮೆಟ್ಟಿಲುಗಳಿವೆ: ಹಾಪ್ ತುಸು ಹೆಚ್ಚಾದ ಪೋರ್ಟರ್, ಅನಂತರ ಕೆಂಗಂದು ಬಣ್ಣದ ಏಲ್, ಅನಂತರ ಪೇಲ್ ಏಲ್.

ಮೂರನೆಯದೇ ಬಹು ಮುಖ್ಯವಾದದ್ದು. ಅದು ಮೂಗಿನ ದಾರಿ. ನಾವು ರುಚಿಯೆಂದು ಕರೆಯುವುದರಲ್ಲಿ ದೊಡ್ಡ ಪಾಲು ವಾಸನೆಯದು. ಬಾಯಲ್ಲಿರುವ ಪದಾರ್ಥದ ಆವಿಯು ಗಂಟಲಿನ ಹಿಂಬದಿಯಿಂದ ಮೂಗಿಗೆ ಏರುತ್ತದೆ. ಅಲ್ಲಿ ಸುಮಾರು 400 ಬಗೆಯ ಗ್ರಾಹಕಗಳಿವೆ; ವಾಸನಾಗ್ರಾಹಕಗಳ ವಂಶವನ್ನು 1991ರಲ್ಲಿ ಕಂಡುಹಿಡಿದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರಿಗೆ 2004ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಹಾಪಿನ ಸುಗಂಧ ತೈಲಗಳಲ್ಲಿ ಮಿರ್ಸೀನ್, ಹ್ಯೂಮುಲೀನ್, ಲಿನಲೂಲ್ ಮೊದಲಾದವು ಇವೆ. ಕೊತ್ತಂಬರಿ ಬೀಜದ ಪರಿಮಳದಲ್ಲಿ ಮುಖ್ಯವಾದುದೂ ಲಿನಲೂಲೇ. ಇವು ಕುದಿಯುವಾಗ ಆವಿಯಾಗಿ ಹೋಗುವುದರಿಂದ, ಪರಿಮಳ ಬೇಕಾದವರು ಬಿಯರು ತಣಿದು ಹುದುಗಿದ ಮೇಲೆ ಮತ್ತೊಮ್ಮೆ ಹೂವನ್ನು ಹಾಕುತ್ತಾರೆ. 1972ರಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ ಕ್ಯಾಸ್ಕೇಡ್ ಎಂಬ ತಳಿಯು ಚಕ್ಕೋತದ ಸಿಪ್ಪೆಯನ್ನು ನೆನಪಿಗೆ ತರುವ ಪರಿಮಳಕ್ಕೆ ಹೆಸರಾಯಿತು. ಹೊಸಬನು ಕಹಿಯನ್ನು ಮಾತ್ರ ಕಾಣುವೆಡೆಯಲ್ಲಿ, ಪಳಗಿದವನು ಕಿತ್ತಳೆ, ಹೂವು, ದೇವದಾರು, ಕೊಯ್ದ ಹುಲ್ಲು ಎಂದು ಬಿಡಿಸಿ ಹೇಳಬಲ್ಲನು. ಕಹಿಯು ಆಗ ಹಿನ್ನೆಲೆಗೆ ಸರಿಯುತ್ತದೆ.

ಮೊದಲ ಭೇಟಿಯಲ್ಲಿ ಹಾಪಿನ ಬಿಯರು ಸೋಲುವುದಕ್ಕೆ ಬೇರೆ ಕಾರಣಗಳೂ ಇರುತ್ತವೆ. ಅತಿಯಾಗಿ ತಣ್ಣಗಿದ್ದರೆ ಪರಿಮಳವು ಏಳುವುದಿಲ್ಲ, ಕಹಿ ಮಾತ್ರ ಉಳಿಯುತ್ತದೆ. ಹಳೆಯದಾದರೆ ಪರಿಮಳವು ಕುಂದುತ್ತದೆ. ಬೆಳಕು ಬಿದ್ದರೆ ಸಮಾಂಗಿಗಳು ಒಡೆದು, ಗಂಧಕಯುಕ್ತವಾದ ದುರ್ವಾಸನೆಯ ವಸ್ತುವೊಂದು ಹುಟ್ಟುತ್ತದೆ. ಬಿಯರಿನ ಸೀಸೆಗಳು ಸಾಮಾನ್ಯವಾಗಿ ಕಂದುಬಣ್ಣದವಾಗಿರುವುದು ಇದನ್ನು ತಡೆಯಲೆಂದೇ. ಹಾಪಿನ ಕಹಿಯು ನಾಲಗೆಯ ಮೇಲೆ ಬಹುಕಾಲ ನಿಲ್ಲುವುದರಿಂದ ಗುಟುಕಿನ ಮೇಲೆ ಗುಟುಕಾಗಿ ಅದು ಕೂಡುತ್ತ ಹೋಗುತ್ತದೆ. ನಡುವೆ ಒಂದು ತುಂಡು ರೊಟ್ಟಿ ತಿಂದವನಿಗೆ ಹಾಗಾಗುವುದು ಕಡಿಮೆ.

ಈ ತತ್ತ್ವವನ್ನು ಪರೀಕ್ಷಿಸಲು ಬಿಯರು ಬೇಕಿಲ್ಲ. ಹಾಲುಸಕ್ಕರೆಯಿಲ್ಲದ ತಿಳಿ ಡಿಕಾಕ್ಷನ್ನನ್ನು ಮೂಗು ಹಿಡಿದುಕೊಂಡು ಒಂದು ಗುಟುಕು ಕುಡಿಯಿರಿ. ಬರಿಯ ಕಹಿ ತೋರುತ್ತದೆ. ಮೂಗನ್ನು ಬಿಟ್ಟೊಡನೆ ಅದು ಕಾಫಿಯಾಗುತ್ತದೆ. ಇನ್ನೊಂದು ಲೋಟಕ್ಕೆ ಚಿಟಿಕೆಗಿಂತ ಕಡಿಮೆ ಉಪ್ಪನ್ನು ಹಾಕಿ ನೋಡಿರಿ. ಕಹಿ ತಗ್ಗಿರುವುದು ತಿಳಿಯುತ್ತದೆ. ಉಪ್ಪಿನ ಸೋಡಿಯಮ್ಮು ಕಹಿಯನ್ನು ಅಡಗಿಸುತ್ತದೆಂದು 1997ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿವೆ. ಎರಡು ಲೋಟಗಳಲ್ಲಿಯೂ ಇರುವ ಕಹಿವಸ್ತುವಿನ ಪ್ರಮಾಣ ಒಂದೇ. ಕಹಿಯನ್ನು ಮೆಚ್ಚಲು ಕಲಿತವನ ನಾಲಗೆಯು ಮರಗಟ್ಟಿಹೋಗಿದೆಯೆಂದು ತಿಳಿಯುವುದು ತಪ್ಪು. ಕಹಿಯೊಡನೆ ಬಂದ ಇತರ ಸುದ್ದಿಗಳನ್ನೂ ಓದಲು ಅವನ ಮಿದುಳು ಕಲಿತಿದೆ, ಅಷ್ಟೆ.